ಧ್ವನಿಪೆಟ್ಟಿಗೆ ತೆಗೆಯಲೇಬೇಕಾದಾಗ: ನನ್ನ ಅನುಭವ

ಮುಂದುವರಿದ ಹಂತದ ಗಂಟಲು ಕ್ಯಾನ್ಸರ್ ಇರುವ ರೋಗಿ ಬಂದಾಗ ನಾನು ಮೊದಲು ಒಂದು ಲೋಟ ನೀರು ಕೊಟ್ಟು ಎದುರಿಗೇ ಕುಡಿಯಲು ಹೇಳುತ್ತೇನೆ. ಎರಡನೆಯ ಗುಟುಕಿಗೇ ಕೆಮ್ಮು ಒತ್ತರಿಸಿದರೆ, ಇಲ್ಲವೇ ಉಸಿರು ಎಳೆದುಕೊಳ್ಳುವಾಗ ಸಿಳ್ಳೆಯಂಥ ಸದ್ದು ಕೇಳಿಸಿದರೆ, ಸ್ಕ್ಯಾನ್ ಕೈಗೆ ಬರುವ ಮುಂಚೆಯೇ ನನ್ನ ಯೋಚನೆ ಶಸ್ತ್ರಚಿಕಿತ್ಸೆಯ ಕಡೆಗೆ ವಾಲಿರುತ್ತದೆ. ಧ್ವನಿಪೆಟ್ಟಿಗೆ ಎಂದು ಕರೆದರೂ ಆ ಅಂಗದ ಮೊದಲ ಕರ್ತವ್ಯ ನುಂಗಿದ್ದು ಶ್ವಾಸನಾಳಕ್ಕೆ ಇಳಿಯದಂತೆ ಕಾಯುವುದು, ಮಾತು ಆಮೇಲಿನದು. ಕಾವಲೇ ಮುರಿದ ಮೇಲೆ ಅಂಗವನ್ನು ಉಳಿಸಿಕೊಟ್ಟು ನಾವು ಬೀಗುವುದರಲ್ಲಿ ಅರ್ಥವಿಲ್ಲ.

ಈ ತಿಳಿವಳಿಕೆ ನನಗೆ ತಡವಾಗಿ ಬಂತು. ನಾನು ವೃತ್ತಿ ಆರಂಭಿಸಿದಾಗ ಧ್ವನಿಪೆಟ್ಟಿಗೆಯನ್ನು ಉಳಿಸುವುದೇ ಎಲ್ಲರ ಹಂಬಲವಾಗಿತ್ತು, ಮತ್ತು ಅದಕ್ಕೆ ಆಧಾರವೂ ಇತ್ತು. 1991ರಲ್ಲಿ ಪ್ರಕಟವಾದ, 332 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಕೀಮೋ ಪಡೆದು ನಂತರ ವಿಕಿರಣ ಪಡೆದವರೂ, ಶಸ್ತ್ರಚಿಕಿತ್ಸೆಯಾಗಿ ನಂತರ ವಿಕಿರಣ ಪಡೆದವರೂ ಎರಡು ವರ್ಷಗಳ ಕೊನೆಗೆ ಬದುಕುಳಿದ ಪ್ರಮಾಣ ಒಂದೇ, ಶೇ 68; ಮೊದಲ ಗುಂಪಿನ ಶೇ 64 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. 2003ರ ಇನ್ನೊಂದು ಅಧ್ಯಯನದಲ್ಲಿ ಕೀಮೋ ಮತ್ತು ವಿಕಿರಣ ಒಟ್ಟಿಗೇ ಪಡೆದವರಲ್ಲಿ ಧ್ವನಿಪೆಟ್ಟಿಗೆ ಉಳಿದವರ ಪ್ರಮಾಣ ಎರಡು ವರ್ಷಕ್ಕೆ ಶೇ 88ಕ್ಕೆ ಏರಿತು. ನಾವು ಮರೆತದ್ದು ಏನೆಂದರೆ, ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು (ಮೆದು ಎಲುಬನ್ನು) ಒಡೆದು ಹೊರಬಂದ ಗಡ್ಡೆಗಳನ್ನು ಎರಡನೆಯ ಅಧ್ಯಯನ ಸೇರಿಸಿಕೊಂಡಿರಲಿಲ್ಲ. ಮೊದಲನೆಯದರಲ್ಲಿ ಅಂಥ, ಟಿ4 ಎಂದು ಕರೆಯುವ ಅತಿ ಮುಂದುವರಿದ ಹಂತದ ಗಡ್ಡೆಯವರ ಪೈಕಿ ಶೇ 56 ಮಂದಿಗೆ ಕಡೆಗೂ ಧ್ವನಿಪೆಟ್ಟಿಗೆ ತೆಗೆಯಬೇಕಾಯಿತು.

ಗಂಟಲಮಣಿಯ ಮೃದ್ವಸ್ಥಿ ಒಡೆದಿರುವುದು ಸಿ.ಟಿ.ಯಲ್ಲಿ ಸ್ಪಷ್ಟವಾಗಿದ್ದರೂ, ದನಿ ಬೇಕೇ ಬೇಕೆಂದು ಹಟ ಹಿಡಿದ ಒಬ್ಬರಿಗೆ ನಾನು ಕೀಮೋ-ವಿಕಿರಣಕ್ಕೆ ಒಪ್ಪಿಗೆ ಕೊಟ್ಟೆ. ಹಟ ಅವರೊಬ್ಬರದೇ ಆಗಿರಲಿಲ್ಲವೆಂದು ಈಗ ಒಪ್ಪಿಕೊಳ್ಳಬಲ್ಲೆ. ಐದು ತಿಂಗಳಿಗೆ ಗಡ್ಡೆ ಮತ್ತೆ ಚಿಗುರಿತು. ವಿಕಿರಣದಿಂದ ಬಿರುಸಾದ, ರಕ್ತವೇ ಜಿನುಗದ ಅಂಗಾಂಶದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಒಂಬತ್ತನೆಯ ದಿನ ಹೊಲಿಗೆ ಬಿಟ್ಟು ಜೊಲ್ಲು ಕತ್ತಿನಿಂದ ಸೋರತೊಡಗಿತು. ಎದೆಯ ಸ್ನಾಯುವನ್ನು ತಿರುಗಿಸಿ ತಂದು ಮುಚ್ಚಿದ ಮೇಲೂ ಅವರು ಆರು ವಾರ ಮೂಗಿನ ನಳಿಕೆಯಲ್ಲೇ ಆಹಾರ ತೆಗೆದುಕೊಂಡರು. ಅವರು ಚೇತರಿಸಿಕೊಂಡರು; ಆದರೆ ಅಂದಿನಿಂದ ಮೃದ್ವಸ್ಥಿಯ ಹೊರಮೈ ಒಡೆದ ಗಡ್ಡೆಗೆ ನಾನು ಮೊದಲ ಆಯ್ಕೆಯಾಗಿ ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತೇನೆ.

ಶಸ್ತ್ರಚಿಕಿತ್ಸೆಯಲ್ಲಿ ನನಗೆ ಮುಖ್ಯವೆನಿಸುವುದು ಗಂಟಲಿನೊಳಗೆ ಪ್ರವೇಶಿಸುವ ಕ್ಷಣ. ಕತ್ತಿನ ಎರಡೂ ಬದಿಯ ದುಗ್ಧಗ್ರಂಥಿಗಳನ್ನು ತೆಗೆದು, ಕೆಳಗೆ ಶ್ವಾಸನಾಳವನ್ನು ಬೇರ್ಪಡಿಸಿಯಾದ ಮೇಲೆ, ಗಡ್ಡೆ ಇಲ್ಲದ ಬದಿಯಿಂದ ಲೋಳೆಪೊರೆಯನ್ನು ತೆರೆಯುತ್ತೇನೆ. ಗಡ್ಡೆಯ ಅಂಚನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆ ಕತ್ತರಿಸಬೇಕು. ಕುರುಡಾಗಿ ಕತ್ತರಿಸಿದವನು ಗಡ್ಡೆಯನ್ನು ಬಿಟ್ಟು ಬರುತ್ತಾನೆ, ಇಲ್ಲವೇ ನುಂಗಲು ಬೇಕಾದ ಪೊರೆಯನ್ನು ಕಳೆದುಕೊಳ್ಳುತ್ತಾನೆ. ಹೊಲಿಯುವಾಗ ಪೊರೆಯ ಅಂಚು ಒಳಮುಖವಾಗಿ ಮಡಿಚಿಕೊಳ್ಳಬೇಕು, ಎಳೆತ ಇರಕೂಡದು. ಅನ್ನನಾಳದ ಬಾಯಿಯ ಬಿಗಿ ಸ್ನಾಯುವನ್ನು ಸೀಳಿ ಸಡಿಲಿಸುತ್ತೇನೆ, ಇಲ್ಲದಿದ್ದರೆ ಮುಂದೆ ಧ್ವನಿ ಕವಾಟ ಹಾಕಿದರೂ ಮಾತು ಹೊರಡದೇ ಇರಬಹುದು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಕೂರಿಸುವ ಈ ಪುಟ್ಟ ಸಿಲಿಕೋನ್ ಕವಾಟದ ವಿಧಾನವನ್ನು ಸಿಂಗರ್ ಮತ್ತು ಬ್ಲೋಮ್ 1980ರಲ್ಲಿ ಪ್ರಕಟಿಸಿದರು. ಕ್ಯಾನ್ಸರಿಗಾಗಿ ಇಡೀ ಧ್ವನಿಪೆಟ್ಟಿಗೆಯನ್ನು ಮೊದಲು ತೆಗೆದದ್ದು 1873ರಲ್ಲಿ, ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್. ಆ ರೋಗಿ ಕೆಲವು ತಿಂಗಳಲ್ಲೇ ರೋಗ ಮರುಕಳಿಸಿ ತೀರಿಕೊಂಡರು.

ಆಯುಷ್ಯದ ಮಾತು ಬಂದಾಗ, ಈ ಹಂತದಲ್ಲಿ ಐದು ವರ್ಷ ದಾಟುವವರು ಸುಮಾರು ಅರ್ಧದಷ್ಟು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ರೋಗ ಧ್ವನಿಪೆಟ್ಟಿಗೆಯ ಹಿಂದಿನ ಕೆಳಗಂಟಲಿನಲ್ಲಿ ಹುಟ್ಟಿದ್ದರೆ ಇನ್ನೂ ಕಡಿಮೆ. ಕತ್ತಿನ ಗ್ರಂಥಿಗೆ ಹರಡಿದೆಯೇ ಎಂಬುದು ಗಡ್ಡೆಯ ಗಾತ್ರಕ್ಕಿಂತ ಹೆಚ್ಚು ತೂಗುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗದ ಪರೀಕ್ಷಾ ವರದಿಯಲ್ಲಿ ನಾನು ಮೊದಲು ಹುಡುಕುವುದು ಎರಡು ಸಾಲು: ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ, ಗ್ರಂಥಿಯ ಪೊರೆ ಒಡೆದು ಹೊರಗೆ ಬಂದಿದೆಯೇ. ಇವೆರಡರಲ್ಲಿ ಒಂದಿದ್ದರೂ, ದೇಹ ತಡೆದುಕೊಳ್ಳುವಂತಿದ್ದರೆ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಸೇರಿಸುತ್ತೇವೆ. ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ವಿಕಿರಣ ಶುರುವಾಗಲೇಬೇಕು. ಗಾಯ ಮಾಯುವುದು ತಡವಾದರೆ ಬದುಕುವ ಅವಕಾಶವೂ ಕುಗ್ಗುತ್ತದೆ. ಹೊಲಿಗೆಯ ಬಗ್ಗೆ ನಾನು ಇಷ್ಟು ಹಟ ಮಾಡುವುದು ಅದಕ್ಕೇ.

ಮೊದಲ ಎರಡು ವರ್ಷ ತಪಾಸಣೆ ಪದೇ ಪದೇ, ಏಕೆಂದರೆ ಬಹುತೇಕ ಮರುಕಳಿಕೆ ಆಗಲೇ ಕಾಣಿಸಿಕೊಳ್ಳುತ್ತದೆ. ಜೊತೆಗೆ ಥೈರಾಯ್ಡ್ ಪರೀಕ್ಷೆ, ಶ್ವಾಸಕೋಶದ ಮೇಲೆ ಕಣ್ಣು, ಮತ್ತು ಬೀಡಿ ಸಿಗರೇಟು ನಿಂತಿದೆಯೇ ಎಂಬ ವಿಚಾರಣೆ. ಇನ್ನೊಂದು ಸಣ್ಣ ವಿಷಯ. ಒಮ್ಮೆ ಧ್ವನಿಪೆಟ್ಟಿಗೆ ತೆಗೆಸಿಕೊಂಡ ರೋಗಿಯೊಬ್ಬರು ಎಚ್ಚರ ತಪ್ಪಿದಾಗ ನೆರವಿಗೆ ಬಂದವರು ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್ ಹಿಡಿದಿದ್ದರು, ಆದರೆ ರೋಗಿ ಉಸಿರಾಡುತ್ತಿದ್ದುದು ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನಲ್ಲಿ ಮಾಡಿದ ರಂಧ್ರದಿಂದ. ಈಗ ನಾನು ಮನೆಗೆ ಕಳುಹಿಸುವಾಗ ಪ್ರತಿಯೊಬ್ಬರ ಜೇಬಿಗೂ ಒಂದು ಚೀಟಿ ಹಾಕುತ್ತೇನೆ: "ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ. ಆಮ್ಲಜನಕವನ್ನು ಇಲ್ಲಿಗೇ ಕೊಡಿ."