ಮೈನಸ್ ಒಂದರಲ್ಲೇ ಸಿಕ್ಕಿಕೊಂಡ ಫಂಕ್ಷನ್

ಅಂಕಿಗಳನ್ನು ಕೂಡಿಸುವ ಪುಟ್ಟ ರಿಕರ್ಸಿವ್ (ತನ್ನನ್ನೇ ಮತ್ತೆ ಮತ್ತೆ ಕರೆಯುವ) ಫಂಕ್ಷನ್ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೆ. ಕೊನೆಯ ಅಂಕಿ ತೆಗೆದಿಟ್ಟು, ಸಂಖ್ಯೆಯನ್ನು 10ರಿಂದ ಭಾಗಿಸಿ ಮತ್ತೆ ತನ್ನನ್ನೇ ಕರೆಯಬೇಕು. ಸೊನ್ನೆಯಾದರೆ ನಿಲ್ಲಬೇಕು. 472 ಕೊಟ್ಟರೆ 13 ಬಂತು. -472 ಕೊಟ್ಟೆ ನೋಡಿ, ಒಂದೇ ಸಾಲು 900ಕ್ಕೂ ಜಾಸ್ತಿ ಸಲ ಬಂದಿದೆ ಅಂತ ಎರರ್!

ನಿಲ್ಲುವ ಷರತ್ತು ಇದೆಯಲ್ವಾ, ಮತ್ತೇನು ಕಾಯಿಲೆ? ಹೀಗೆ ಒಂದರೊಳಗೊಂದು ಎಷ್ಟು ಸಲ ಕರೆಯಬಹುದು ಅನ್ನೋದಕ್ಕೆ 1000 ಇದ್ದ ಮಿತಿಯನ್ನು ಸುಮ್ನೆ 5000ಕ್ಕೆ ಏರಿಸಿದೆ. ಪೆದ್ದತನ. ಅದೇ ಎರರ್ ಸ್ವಲ್ಪ ತಡವಾಗಿ ಬಂತು, ಅಷ್ಟೇ.

ಆಮೇಲೆ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಪ್ರಿಂಟ್ ಹಾಕಿದೆ. -472, -48, -5, -1, -1, -1... ಕಳ್ಳ ಸಿಕ್ಕಿಬಿದ್ದ. ಪೈಥಾನ್‌ನ ಎರಡು ಗೀಟಿನ (//) ಭಾಗಾಕಾರ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. -1 ಅನ್ನು 10ರಿಂದ ಭಾಗಿಸಿದರೆ ಮತ್ತೆ -1. ಸೊನ್ನೆ ಎಲ್ಲಿಂದ ಬರಬೇಕು? ಸಿ ಭಾಷೆಯಲ್ಲಾದರೆ ಸೊನ್ನೆ ಬರುತ್ತಿತ್ತು, ನನಗೆ ಅದೇ ಅಭ್ಯಾಸ.

ಶುರುವಿನಲ್ಲೇ ಆಬ್ಸ್ (abs) ಅನ್ನೋ ಪೈಥಾನ್ ಫಂಕ್ಷನ್ ಹಾಕಿ ಮೈನಸ್ ತೆಗೆದೆ. -472ಕ್ಕೂ 13 ಬಂತು.