ಕ್ಯಾನ್ಸರ್ ರೋಗಿ ಮನೆಯಲ್ಲಿದ್ದಾಗ: ಯಾವುದಕ್ಕೆ ಆ ರಾತ್ರಿಯೇ ಹೊರಡಬೇಕು?

ಗಡ್ಡೆ ಇರುವುದು ಒಂದು ಕಡೆ, ಅದರ ಉಪದ್ರವ ಮೈಯಿಡೀ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ ಕಡೆಯವರಿಗೆ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗಿಬರುವುದೆಂದರೆ ಇಡೀ ದಿನದ ಕೆಲಸ. ಹಾಗಾಗಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ಮನೆಯವರಿಗೆ ತಿಳಿದಿರಬೇಕು.

ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ. ಕೀಮೋ (ಕ್ಯಾನ್ಸರಿಗೆ ಕೊಡುವ ಔಷಧಿ ಚಿಕಿತ್ಸೆ) ಆಗಿ 7ರಿಂದ 14 ದಿನಗಳ ಹೊತ್ತಿಗೆ, ಸೋಂಕನ್ನು ತಡೆಯುವ ಬಿಳಿ ರಕ್ತಕಣ ಸಾಮಾನ್ಯವಾಗಿ ತೀರಾ ಇಳಿದಿರುತ್ತದೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕೂರಬೇಡಿ. ಮಾತ್ರೆಗೆ ಜ್ವರ ಇಳಿದೀತು, ಸೋಂಕು ಇಳಿಯದು. ಆಸ್ಪತ್ರೆ ಮೆಟ್ಟಿಲು ಹತ್ತುತ್ತಲೇ ‘ಕೀಮೋ ಆಗಿದೆ’ ಎನ್ನಿ. ಉಳಿದ ಕತೆ ಆಮೇಲೆ.

ಒಂದೇ ಕಾಲು ಊದಿ, ಬಿಗಿದು ನೋಯುತ್ತಿದೆಯೇ? ನಮ್ಮ ಕಡೆ ಕೈ ನೇರ ಧನ್ವಂತರ ತೈಲದ ಕುಪ್ಪಿಗೆ ಹೋಗುತ್ತದೆ. ತಿಕ್ಕಬೇಡಿ. ಕ್ಯಾನ್ಸರಿನಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬೆನ್ನುನೋವಿನ ಜೊತೆಗೆ ಕಾಲು ಸೋಲುವುದು, ಮೂತ್ರ ಕಟ್ಟುವುದು ಕಂಡರೂ ಅಂದೇ ಹೊರಡಿ. ಬೆನ್ನುಹುರಿ ಒತ್ತಿಹೋಗಿರಬಹುದು, ಕಾಲಿನಲ್ಲಿ ಬಲವಿರುವಾಗಲೇ ಚಿಕಿತ್ಸೆ ಆಗಬೇಕು. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಒಟ್ಟಿಗೆ ಬಂದರೆ ರಕ್ತದ ಕ್ಯಾಲ್ಸಿಯಂ ಏರಿರಬಹುದು. ವಯಸ್ಸಿನ ಮರೆವು ಎಂದು ಬಿಡಬೇಡಿ.

ಇನ್ನು ಊಟ. ಮನೆಯಲ್ಲಿ ಜಗಳವಾಗುವುದೇ ಇಲ್ಲಿ. ‘ಇನ್ನೆರಡು ತುತ್ತು ತಿನ್ನಿ ಅಪ್ಪ’ ಎಂದು ಮಗಳು, ಬೇಡವೆಂದು ಮುಖ ತಿರುಗಿಸುವ ಅಪ್ಪ. ಅದು ಹಟವಲ್ಲ. ರೋಗದಿಂದ ಮೈಯಲ್ಲಿ ಹುಟ್ಟುವ ಉರಿಯೂತದ ರಾಸಾಯನಿಕಗಳು ಹಸಿವನ್ನೂ ಕೊಲ್ಲುತ್ತವೆ, ಸ್ನಾಯುವನ್ನೂ ಕರಗಿಸುತ್ತವೆ. ಒತ್ತಾಯದಿಂದ ತೂಕ ಬರುವುದಿಲ್ಲ. ದೊಡ್ಡ ಬಟ್ಟಲು ಒಳಗಿಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಕುಚ್ಚಿಲಕ್ಕಿ ಗಂಜಿ, ಮೇಲೊಂದು ಚಮಚ ತುಪ್ಪ, ಜೊತೆಗೆ ಮೊಟ್ಟೆಯೋ ಮೀನೋ ಹೆಸರುಬೇಳೆಯೋ. ಒಗ್ಗರಣೆ ವಾಸನೆಗೆ ವಾಕರಿಕೆ ಬಂದರೆ ಆರಿದ ಮೇಲೆ ಬಡಿಸಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಡಾಕ್ಟರಿಗೆ ಬೇಕಾಗುತ್ತದೆ. ಸುಸ್ತು ಹೆಚ್ಚಾದರೆ ಹಿಮೋಗ್ಲೋಬಿನ್ ನೋಡಿಸಿ.

ಪ್ಯಾಲಿಯೇಟಿವ್, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆ, ಕೊನೆಗಾಲಕ್ಕೆ ಮಾತ್ರ ಎಂದು ಹೆದರುವವರೇ ಹೆಚ್ಚು. ಹಾಗೇನಿಲ್ಲ. ಕೇರಳದಲ್ಲಿ 2008ರಿಂದ ಇದಕ್ಕೆ ಸರ್ಕಾರಿ ನೀತಿಯೇ ಇದೆ. ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿದರೆ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ನೋವಿಗೆ ಮಾರ್ಫಿನ್ ಬರೆದುಕೊಟ್ಟರೆ ಬೆದರಬೇಡಿ, ಆದರೆ ಅದರಿಂದ ಮಲಬದ್ಧತೆಯಾಗುವುದರಿಂದ ಮಲ ಸಲೀಸಾಗಿ ಹೋಗುವ ಔಷಧಿಯನ್ನೂ ಅದೇ ಚೀಟಿಯಲ್ಲಿ ಕೇಳಿ ಬರೆಸಿಕೊಳ್ಳಿ.