ಮೊದಲ ಸಲ ಮುಖ ನೋಡಿ ಗೆಲ್ಲಿಸಿದರು, ಎರಡನೇ ಸಲ ಲೆಕ್ಕ ಕೇಳಿದರು

ನಾನು ನಗರಸಭೆಗೆ ಮೊದಲ ಸಲ ಆಯ್ಕೆಯಾಗಿದ್ದು 2013ರ ಮಾರ್ಚ್‌ನಲ್ಲಿ. ಆಗ ನಮ್ಮ ವಾರ್ಡು ಸಾಮಾನ್ಯ ಮಹಿಳೆಗೆ ಮೀಸಲಾಗಿತ್ತು. ಮನೆಯಲ್ಲೇ ಹೊಲಿಗೆ ತರಗತಿ ನಡೆಸುತ್ತಿದ್ದೆ. ಬೀದಿಯ ಸ್ವಸಹಾಯ ಸಂಘದ ಲೆಕ್ಕಪತ್ರವೂ ನನ್ನ ಹತ್ತಿರವೇ ಇತ್ತು. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ಕಂತು ಬಾಕಿ ಎಂದು ವಾರಕ್ಕೊಮ್ಮೆ ಎಲ್ಲರೆದುರು ಓದಿ ಹೇಳುವುದು ನಮ್ಮ ಸಂಘದ ಪದ್ಧತಿ. ಹೀಗಾಗಿ ವಾರ್ಡಿನ ಹೆಂಗಸರಲ್ಲಿ ಬಹಳಷ್ಟು ಜನರಿಗೆ ನನ್ನ ಮುಖ ಪರಿಚಯ. ಮೊದಲ ಚುನಾವಣೆಯನ್ನು ಆ ಪರಿಚಯವೇ ಗೆಲ್ಲಿಸಿತು. 2018ರ ಆಗಸ್ಟ್‌ನಲ್ಲಿ ಎರಡನೇ ಸಲ ನಿಂತಾಗ ಅದೇ ಹೆಂಗಸರು ಬಾಗಿಲಲ್ಲಿ ನಿಲ್ಲಿಸಿಕೊಂಡು, ಏನು ಮಾಡಿದಿರಿ ಹೇಳಿ ಅಂದರು. ಮರುಆಯ್ಕೆಗೆ ನಿಲ್ಲುವ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಗೆದ್ದ ಮೊದಲ ವರ್ಷವೇ ನಾನೂ ನನ್ನ ಯಜಮಾನರೂ ಕೂತು ಒಂದು ತೀರ್ಮಾನ ಮಾಡಿಕೊಂಡೆವು. ನಗರಸಭೆಯ ಕಚೇರಿಗೆ ಅವರು ಬರುವುದಿಲ್ಲ, ಜನರ ಫೋನು ಅವರು ಎತ್ತುವುದಿಲ್ಲ. ಸದಸ್ಯೆಯರ ಬದಲು ಗಂಡಂದಿರೇ ಎಂಜಿನಿಯರ್ ಮುಂದೆ ಕೂತು ಮಾತಾಡುವುದು ನಮ್ಮ ಊರುಗಳಲ್ಲಿ ಎಷ್ಟು ರೂಢಿಯಾಗಿದೆ ಎಂದರೆ, ನಾನೊಬ್ಬಳೇ ಹೋದಾಗ ಗುಮಾಸ್ತರು "ಸಾರ್ ಬರಲಿಲ್ವಾ ಮೇಡಂ?" ಅಂತ ಕೇಳುತ್ತಿದ್ದರು. "ಇಲ್ಲ, ನಾನೇ ಸದಸ್ಯೆ, ನನಗೇ ಹೇಳಿ" ಅನ್ನುತ್ತಿದ್ದೆ. ಕೆಲವು ತಿಂಗಳಲ್ಲಿ ಆ ಪ್ರಶ್ನೆ ನಿಂತಿತು. ಮುಂದೆ ಸಾಮಾನ್ಯ ವಾರ್ಡಿನಲ್ಲಿ ನಿಂತಾಗ ನನ್ನ ಕೈ ಹಿಡಿದದ್ದು ಈ ತೀರ್ಮಾನವೇ.

ಇನ್ನೊಂದು, ದೂರಿನ ಪುಸ್ತಕ. ಸಂಘದ ಲೆಕ್ಕದ ಪುಸ್ತಕದಂಥದ್ದೇ, ಉದ್ದನೆಯ ರಟ್ಟಿನ ಪುಸ್ತಕ. ದೂರು ಹೇಳಿದವರ ಹೆಸರು, ಬೀದಿ, ಸಮಸ್ಯೆ, ಯಾರಿಗೆ ತಿಳಿಸಿದೆ, ಏನಾಯಿತು ಎಂದು ಐದು ಕಾಲಂ ಎಳೆದುಕೊಂಡಿದ್ದೆ. ಬೀದಿದೀಪ, ಕಸದ ಗಾಡಿ, ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಉಕ್ಕುವುದು, ಖಾತೆ (ನಗರಸಭೆಯ ಆಸ್ತಿ ದಾಖಲೆ), ಹೀಗೆ ಎಲ್ಲವೂ ಅದರಲ್ಲಿ. ಕಡೆಯ ಕಾಲಂ ಖಾಲಿ ಇರುವ ಸಾಲುಗಳನ್ನು ಸಾಮಾನ್ಯ ಸಭೆಗೆ ಮುಂಚೆ ಪಟ್ಟಿ ಮಾಡಿಕೊಂಡು ಹೋಗಿ, ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರ ಕೈಗೆ ಲಿಖಿತವಾಗಿ ಕೊಡುತ್ತಿದ್ದೆ. ಬಾಯಿಮಾತಿನಲ್ಲಿ ಹೇಳಿದ ಕೆಲಸಕ್ಕೆ ಕಚೇರಿಯಲ್ಲಿ ನೆನಪೇ ಇರುವುದಿಲ್ಲ.

ನಮ್ಮ ವಾರ್ಡಿನ ದೊಡ್ಡ ತಲೆನೋವು ದಿಬ್ಬದ ಬೀದಿಯ ನೀರು. ನೀರು ಬಿಟ್ಟ ದಿನ ತಗ್ಗಿನ ಬೀದಿಗಳಲ್ಲಿ ಸಂಪು ತುಂಬಿ ರಸ್ತೆಗೆ ಹರಿಯುತ್ತಿತ್ತು, ದಿಬ್ಬದ ಮನೆಗಳ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಟ್ಯಾಂಕರ್ ಕಳಿಸಿ ಬೈಗುಳ ತಪ್ಪಿಸಿಕೊಳ್ಳುವುದು ಸುಲಭದ ದಾರಿ. ಬೆಳಗಿನ ಜಾವ ವಾಟರ್‌ಮ್ಯಾನ್ ಜೊತೆ ವಾಲ್ವ್ ಗುಂಡಿಯ ಹತ್ತಿರ ಹೋಗಿ ನಿಂತೆ. ಅವರು ಚಪ್ಪಡಿ ಸರಿಸಿ, ಟಿ ಆಕಾರದ ಕಬ್ಬಿಣದ ಕೀಲಿ ಇಳಿಸಿ ತಿರುಗಿಸಿದರು. ಒಂದೇ ವಾಲ್ವಿನಿಂದ ತಗ್ಗಿಗೂ ದಿಬ್ಬಕ್ಕೂ ನೀರು ಹೋಗುತ್ತಿದೆ ಎಂದು ಕಣ್ಣಾರೆ ಕಂಡಾಗಲೇ ಕಾರಣ ಗೊತ್ತಾಯಿತು. ನೀರು ತಗ್ಗಿಗೆ ನುಗ್ಗುತ್ತದೆ. ಅಲ್ಲಿ ಕೆಲವರು ಲೈನಿಗೇ ಮೋಟರ್ ಹಚ್ಚಿ ಎಳೆಯುತ್ತಾರೆ. ಮೇಲೆ ಹತ್ತಲು ಒತ್ತಡವೇ ಉಳಿಯುವುದಿಲ್ಲ. "ಇಲ್ಲೊಂದು ವಾಲ್ವ್ ಹಾಕಿ ಕೊಡಿ ಅಮ್ಮಾ, ದಿಬ್ಬಕ್ಕೆ ಮೊದ್ಲು ಬಿಟ್ಟು ಆಮೇಲೆ ಕೆಳಕ್ಕೆ ಬಿಡ್ತೀನಿ" ಅಂದವರೇ ಆ ವಾಟರ್‌ಮ್ಯಾನ್. ಎಸ್ಟಿಮೇಟ್‌ನಲ್ಲಿ ಜೆಇ (ಕಿರಿಯ ಎಂಜಿನಿಯರ್) ಬರೆದದ್ದೂ ಅದನ್ನೇ. ವಾಲ್ವ್ ಬಿತ್ತು, ಹೊತ್ತು ಹಂಚಿಕೆಯಾಯಿತು, ಮೋಟರ್ ಇಟ್ಟವರ ಮನೆಗೆ ನಾನೇ ಹೋಗಿ ತೆಗೆಸಿದೆ. ಆ ಮನೆಗಳ ವೋಟು ಹೋಗಬಹುದು ಎಂದು ಹಿತೈಷಿಗಳು ಹೆದರಿಸಿದರು. ಕೆಲವು ಹೋದವೂ ಇರಬಹುದು. ಆದರೆ ದಿಬ್ಬದ ಬೀದಿ ನನ್ನ ಕೈ ಬಿಡಲಿಲ್ಲ.

ಹಣದ ವಿಚಾರ ಜನರಿಗೆ ಬಿಡಿಸಿ ಹೇಳುವುದು ಇದಕ್ಕಿಂತ ಕಷ್ಟ. ಸದಸ್ಯರ ಕೈಗೆ ಹಣ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ (ಆಗ 14ನೇ ಆಯೋಗದ್ದು), ರಾಜ್ಯದ ನಗರೋತ್ಥಾನ ಯೋಜನೆ, ನಗರಸಭೆಯ ಸ್ವಂತ ತೆರಿಗೆ, ಒಂದೊಂದಕ್ಕೂ ಅದರದ್ದೇ ಕಟ್ಟಳೆ ಇದೆ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗಾಗಿ ಶೇ 24.10, ಇತರ ಬಡವರಿಗಾಗಿ ಶೇ 7.25 ಎಂದು ತೆಗೆದಿಟ್ಟ ನಿಧಿಯನ್ನು ಬೇರೆ ಕೆಲಸಕ್ಕೆ ಮುಟ್ಟುವಂತಿಲ್ಲ. ಈ ಎರಡು ನಿಧಿಗಳ ಅರ್ಜಿ ಕರೆದಾಗ ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಾಗುತ್ತಾರೆ. ಕೂಲಿಗೆ ಹೋಗುವವರು ಅದನ್ನು ನೋಡುವುದೆಲ್ಲಿಂದ ಬಂತು? ಅರ್ಜಿ ನಮೂನೆ ತಂದು, ಸಂಘದ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ನಾವೇ ಬರೆದು ಕೊಟ್ಟೆವು. ಸದಸ್ಯೆಯಾಗಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದು, ಕಾಂಕ್ರೀಟ್ ರಸ್ತೆಗಿಂತ ಹೆಚ್ಚು.

2018ಕ್ಕೆ ವಾರ್ಡಿನ ಮೀಸಲಾತಿ ಬದಲಾಗಿ ಸಾಮಾನ್ಯ ಆಯಿತು. ಮಾರನೆಯ ದಿನದಿಂದಲೇ "ಮಹಿಳಾ ಮೀಸಲು ಹೋಯ್ತಲ್ಲಕ್ಕಾ, ಇನ್ನು ನೀವು ನಿಲ್ಲಲ್ಲ ಅಲ್ವಾ?" ಎಂಬ ಮಾತು ಶುರು. ಸಾಮಾನ್ಯ ವಾರ್ಡ್ ಅಂದರೆ ಗಂಡಸರ ವಾರ್ಡ್ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಪಕ್ಷದಲ್ಲೂ ಅದೇ ಲೆಕ್ಕಾಚಾರ ನಡೆಯಿತು. ಪಕ್ಷದ ಅಧಿಕೃತ ಅಭ್ಯರ್ಥಿಗೆ ಕೊಡುವ ಬಿ ಫಾರಂ ಬೇರೆಯವರ ಪಾಲಾಯಿತು. ಸಂಘದ ಮನೆಯಲ್ಲಿ ಕೂತು ಎರಡು ಸಂಜೆ ಮಾತಾಡಿ, ಪಕ್ಷೇತರಳಾಗಿ ನಿಲ್ಲುವುದೆಂದು ನಿರ್ಧರಿಸಿದೆವು.

ನಿಲ್ಲುವ ಮೊದಲೇ ಮಾಡಬೇಕಾದ ಕೆಲಸ ಮತದಾರರ ಪಟ್ಟಿಯದ್ದು, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ವಾರ್ಡಿನ ಗಡಿಯೂ ಬದಲಾಗಿತ್ತು. ಹಳೆಯ ಎರಡು ಬೀದಿ ಪಕ್ಕದ ವಾರ್ಡಿಗೆ ಹೋಗಿ, ಹೊಸ ಬಡಾವಣೆಯೊಂದು ನಮಗೆ ಬಂದಿತ್ತು. ವಾರ್ಡಿನ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನೇ ಭಾಗ ಮಾಡಿ. ಆ ಭಾಗ ಮಾಡುವಾಗ ಗಡಿಯ ಮನೆಗಳು ಅತ್ತಿತ್ತ ಸೇರಿಬಿಡುತ್ತವೆ. ಕರಡು ಪಟ್ಟಿ ಹಿಡಿದು ಬೀದಿಬೀದಿ ನಡೆದಾಗ, ಒಂದೇ ಮನೆಯಲ್ಲಿ ಅತ್ತೆಯ ಹೆಸರು ನಮ್ಮ ವಾರ್ಡಿನಲ್ಲಿ, ಸೊಸೆಯ ಹೆಸರು ಪಕ್ಕದ ವಾರ್ಡಿನಲ್ಲಿ ಇದ್ದದ್ದು ಕಂಡಿತು. ಆಕ್ಷೇಪಣೆಗೆ ಕೊಡುವ ಅವಧಿ ಬಹಳ ಚಿಕ್ಕದು. ಅಷ್ಟರಲ್ಲಿ ಅರ್ಜಿ ಹಾಕಿಸದಿದ್ದರೆ, ಮತದಾನದ ದಿನ ಆ ಸೊಸೆ ಮತಗಟ್ಟೆಯಿಂದ ವಾಪಸ್ ಬರುತ್ತಾಳೆ, ಅಷ್ಟೆ.

ನಾಮಪತ್ರದ ಬಗ್ಗೆ ಉದ್ದ ಬರೆಯುವುದಿಲ್ಲ. ನಗರಸಭೆಗೆ ಕಟ್ಟಬೇಕಾದ ಕಂದಾಯ, ನೀರಿನ ಕರ ಒಂದು ರೂಪಾಯಿಯೂ ಬಾಕಿ ಇರದಂತೆ ನೋಡಿಕೊಳ್ಳಿ, ರಸೀದಿ ಜೊತೆಗಿರಲಿ. ಆಸ್ತಿ ವಿವರದ ಪ್ರಮಾಣಪತ್ರದಲ್ಲಿ ಯಾವ ಕಾಲಂ ಅನ್ನೂ ಖಾಲಿ ಬಿಡಬೇಡಿ, ಇಲ್ಲದಿದ್ದರೆ "ಇಲ್ಲ" ಎಂದು ಬರೆಯಿರಿ. ಪಕ್ಷೇತರರಿಗೆ ನಿಜವಾದ ಕಷ್ಟ ಚಿಹ್ನೆಯದ್ದು. ನಾಮಪತ್ರ ವಾಪಸ್ ಪಡೆಯುವ ದಿನ ಮುಗಿಯುವವರೆಗೆ ಚಿಹ್ನೆ ಕೈಗೆ ಬರುವುದಿಲ್ಲ. ಪಕ್ಷದವರು ಅಷ್ಟರಲ್ಲಿ ಎರಡು ಸುತ್ತು ಪ್ರಚಾರ ಮುಗಿಸಿರುತ್ತಾರೆ. ನಮಗೆ ಆಟೋರಿಕ್ಷಾ ಸಿಕ್ಕಿತು. ಮತದಾನ ಆಗಸ್ಟ್ 31ಕ್ಕೆ, ಉಳಿದಿದ್ದು ವಾರದ ಆಸುಪಾಸು. ಅಷ್ಟರಲ್ಲಿ ಅಕ್ಷರ ಬಾರದ ಅಜ್ಜಿಯರಿಗೂ ಆ ಗುರುತು ಮನಸ್ಸಿಗೆ ಇಳಿಯಬೇಕಿತ್ತು.

ಕರಪತ್ರದಲ್ಲಿ ನನ್ನ ಫೋಟೋ ಚಿಕ್ಕದಾಗಿ ಹಾಕಿಸಿ, ಉಳಿದ ಜಾಗದಲ್ಲಿ ಬೀದಿವಾರು ಲೆಕ್ಕ ಕೊಟ್ಟೆವು: ಆದ ಕೆಲಸ, ಯಾವ ಅನುದಾನದಿಂದ, ಎಷ್ಟು ಮೊತ್ತ. ಅದರ ಪಕ್ಕದಲ್ಲಿ ಆಗದ ಕೆಲಸ, ಯಾಕೆ ನಿಂತಿದೆ. ಆಗದ್ದನ್ನು ನಾವೇ ಅಚ್ಚು ಹಾಕಿಸುವುದು ಬೇಡ ಎಂದು ಗೆಳತಿಯರೇ ವಾದಿಸಿದರು. ನಾನು ಒಪ್ಪಲಿಲ್ಲ. ಚರಂಡಿ ಆಗಿಲ್ಲ ಎಂದು ಆ ಬೀದಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು; ಟೆಂಡರಿಗೆ ಯಾರೂ ಬರದೆ ನಿಂತಿದೆಯೋ, ಜಾಗದ ತಕರಾರಿದೆಯೋ ಎಂಬುದು ಗೊತ್ತಿಲ್ಲ. ಅದನ್ನು ತಿಳಿಸುವುದು ಸದಸ್ಯೆಯ ಕೆಲಸ.

ಹೊಸ ಬಡಾವಣೆಯಲ್ಲಿ ನನ್ನ ಪರಿಚಯ ಯಾರಿಗೂ ಇರಲಿಲ್ಲ. ಅಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಖಾತೆ. ಬಡಾವಣೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇಲ್ಲ, ನಗರಸಭೆಗೆ ಹಸ್ತಾಂತರವೂ ಆಗಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿ ಹಾಕಿ ಕೂರಿಸಿ, "ಬಂದವರೆಲ್ಲ ಖಾತೆ ಮಾಡಿಸಿಕೊಡ್ತೀವಿ ಅಂತಾರೆ. ನೀನೇನಮ್ಮ ಹೇಳ್ತೀಯ?" ಅಂದರು. "ಮೇಷ್ಟ್ರೇ, ಅದು ಸದಸ್ಯರ ಕೈಯಲ್ಲಿ ಇಲ್ಲ, ಸರ್ಕಾರದ ಮಟ್ಟದಲ್ಲಿ ಆಗಬೇಕು. ಬೀದಿದೀಪ, ಕಸದ ಗಾಡಿ, ತಿರುವಿನಲ್ಲಿ ಉಕ್ಕುವ ಆ ಒಳಚರಂಡಿ ಚೇಂಬರ್, ಇವನ್ನು ಸಭೆಯಲ್ಲಿ ಎತ್ತಬಲ್ಲೆ, ಎತ್ತುತ್ತೇನೆ" ಎಂದೆ. ಅವರು ಕರಪತ್ರವನ್ನು ಕೊನೆಯ ಸಾಲಿನವರೆಗೂ ಓದಿ, ಕೆಳಗಿದ್ದ ನಂಬರಿಗೆ ಅಲ್ಲೇ ಫೋನ್ ಮಾಡಿದರು. ನನ್ನ ಚೀಲದಲ್ಲಿ ಅದು ರಿಂಗ್ ಆಯಿತು. "ನಿನ್ನದೇ ನಂಬರು" ಅಂದು ಪಕ್ಕದ ಮನೆಯವರನ್ನೂ ಕರೆದರು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಪ್ರಚಾರದ ನಡುವೆಯೇ, ಆಗಸ್ಟ್ 24ಕ್ಕೆ ಬಂತು. ಅರಿಶಿನ ಕುಂಕುಮಕ್ಕೆ ಕರೆದವರ ಮನೆಗೆಲ್ಲ ಹೋದೆ. ತಾಂಬೂಲ ತೆಗೆದುಕೊಂಡೆ, ವೋಟಿನ ಮಾತು ಆಡಲಿಲ್ಲ. ಅದೇ ಹೊತ್ತಿನಲ್ಲಿ ಬೇರೆ ಕೆಲವು ಮನೆಗಳಿಗೆ ಸೀರೆ ತಲುಪುತ್ತಿದ್ದ ಸುದ್ದಿ ಬರುತ್ತಿತ್ತು. ನೀತಿ ಸಂಹಿತೆಯ ಪ್ರಶ್ನೆ ಹಾಗಿರಲಿ, ದೇವರ ಹೆಸರಿನ ಬಾಗಿನದಲ್ಲಿ ವೋಟಿನ ಋಣ ಸೇರಿಸಿ ಕೊಡುವುದು ಹೆಣ್ಣುಮಕ್ಕಳಿಗೆ ಮಾಡುವ ಅವಮಾನ ಎಂದು ನಾನು ತಿಳಿದಿದ್ದೇನೆ. ನಮ್ಮ ಖರ್ಚು ಕರಪತ್ರ, ಒಂದು ಆಟೋ, ಅದರ ಮೈಕು, ಜೊತೆ ಬಂದವರ ಟೀ ತಿಂಡಿ. ದಿನದಿನದ ಖರ್ಚು ರಾತ್ರಿಯೇ ಬರೆದಿಟ್ಟಿದ್ದರಿಂದ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸುವಾಗ ತಡಕಾಡಬೇಕಾಗಲಿಲ್ಲ.

ಮತದಾನದ ದಿನ ಬೂತ್ ಏಜೆಂಟರಾಗಿ ಸಂಘದ ಹೆಣ್ಣುಮಕ್ಕಳೇ ಕೂತರು. ಬೀದಿಯ ಪ್ರತಿ ಮುಖವೂ ಅವರಿಗೆ ಗೊತ್ತಿತ್ತು. ಸೆಪ್ಟೆಂಬರ್ 3ರ ಎಣಿಕೆಯಲ್ಲಿ ನಮ್ಮ ವಾರ್ಡಿನದು ಬೇಗ ಮುಗಿಯಿತು. ಅಂತರ ದೊಡ್ಡದೇನಲ್ಲ. ತಗ್ಗಿನ ಬೀದಿಯ ಬೂತಿನಲ್ಲಿ ಹಿಂದೆ ಬಿದ್ದಿದ್ದೆ. ದಿಬ್ಬದ ಬೀದಿ, ಹೊಸ ಬಡಾವಣೆಯ ಮತ ಬಂದಾಗ ಮುಂದೆ ಬಂದೆ.

ಗೆದ್ದೆ ಅಂದರೂ ಕೂರಲು ಕುರ್ಚಿ ಇರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, 2020ರ ಕೊನೆಯವರೆಗೂ ಮೊದಲ ಸಭೆಯೇ ನಡೆಯಲಿಲ್ಲ. ಅವಧಿಯ ಐದು ವರ್ಷ ಎಣಿಕೆಯಾಗುವುದು ಮೊದಲ ಸಭೆಯಿಂದ, ಹಾಗಾಗಿ ನಮ್ಮ ಅವಧಿ ಕಡಿಮೆಯಾಗಲಿಲ್ಲ. ಜನ ಮಾತ್ರ ಅದನ್ನೆಲ್ಲ ಕೇಳುವುದಿಲ್ಲ. ಗೆದ್ದವಳು ನೀನು, ಚೇಂಬರ್ ಉಕ್ಕುತ್ತಿದೆ, ಬಾ ಅನ್ನುತ್ತಾರೆ. ಹೋದೆ. ದೂರಿನ ಪುಸ್ತಕ ನಿಲ್ಲಿಸಲಿಲ್ಲ. ಸಭೆ ಇಲ್ಲದ್ದರಿಂದ ಪಟ್ಟಿಯನ್ನು, ಆಗ ಸದಸ್ಯರ ಬದಲು ಆಡಳಿತ ನಡೆಸುತ್ತಿದ್ದ ಆಡಳಿತಾಧಿಕಾರಿಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯುತ್ತಿದ್ದೆ, ಜೊತೆಗೆ ಆಯಾ ಬೀದಿಯವರ ಸಹಿಯನ್ನೂ ಹಾಕಿಸುತ್ತಿದ್ದೆ. ಕಟ್ಟಿಕೊಂಡ ಒಳಚರಂಡಿ ತೆರವು ಮಾಡುವ ಜೆಟ್ಟಿಂಗ್ ಗಾಡಿ ಬಂದಾಗ ಹೊಸ ಬಡಾವಣೆಯ ಆ ತಿರುವಿನಲ್ಲಿ ತಾತ್ಕಾಲಿಕವಾಗಿ ಸರಿಹೋಗುತ್ತಿತ್ತು. ಪೈಪೇ ಬದಲಾಗಬೇಕು ಎಂಬ ವಿಷಯವನ್ನು ಮೊದಲ ಸಾಮಾನ್ಯ ಸಭೆಯಲ್ಲೇ ಎತ್ತಿದೆ. ಸಹಿಗಳಿದ್ದ ಅರ್ಜಿಗಳ ಕಟ್ಟು ಮೇಜಿನ ಮೇಲಿತ್ತು, ಎಂಜಿನಿಯರ್ ಎಸ್ಟಿಮೇಟ್ ಮಾಡಲು ಒಪ್ಪಿದರು.